ತಲೆದಿಂಬಿನ ಕೆಳಗಿನ ಕತ್ತರಿ

ಔಡಲೆಣ್ಣೆ ಬಿಸಿಲಿಗೆ ಕಾದಾಗ ಒಂದು ವಾಸನೆ ಬರುತ್ತದೆ. ಒಲೆಯ ಮೇಲೆ ಕಾಯಿಸಿದ ಎಣ್ಣೆಯ ವಾಸನೆಯಲ್ಲ ಅದು, ಬಾಟಲಿಯ ಹಸಿ ವಾಸನೆಯೂ ಅಲ್ಲ. ಎಳೆಗೂಸಿನ ಮೈಗೆ ಎಣ್ಣೆ ತಿಕ್ಕಿ, ನೀರು ಎರೆಯುವ ಮೊದಲು ಮುಂಜಾನೆಯ ಬಿಸಿಲಿಗೆ ಸ್ವಲ್ಪ ಹೊತ್ತು ಹಿಡಿಯುತ್ತಾರಲ್ಲ, ಆಗ ಮಾತ್ರ ಬರುವ ವಾಸನೆ. ಎಲ್ಲರಿಗೂ ಅದು ಮುದ್ದು. ನನ್ನ ಮೂಗಿಗೆ ಅದು ಬಡಿದರೆ ಕೈಕಾಲು ತಣ್ಣಗಾಗುತ್ತವೆ.

ಮಗಳು ರೂಪಾ ಬಾಣಂತನಕ್ಕೆ ನನ್ನಲ್ಲಿಗೆ ಬಂದಿದ್ದಾಳೆ. ಅವ್ವ ತೀರಿಕೊಂಡ ಮೇಲೆ ಮುದ್ದೇಬಿಹಾಳದ ಈ ಹಳೆಯ ಮನೆ ನನ್ನ ಪಾಲಿಗೆ ಬಂತು, ನಿವೃತ್ತಿಯಾದ ಮೇಲೆ ಇಲ್ಲೇ ಇದ್ದೇನೆ. ಹೋದ ವಾರ ಎರೆಯುವ ಹೆಂಗಸು ಮೊದಲ ಸಲ ಕೂಸಿಗೆ ಎಣ್ಣೆ ಹಚ್ಚಿ ಅಂಗಳಕ್ಕೆ ತಂದಳು. ನಾನು ಎದ್ದು ಒಳಗೆ ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಹೊರಗೆ ರೂಪಾ ನಗುತ್ತಿದ್ದದ್ದು ಕೇಳಿಸಿತು.

"ಜಲಮ ಪೂರಾ ಬಯಾಲಜಿ ಹೇಳಿದಾಕಿ ನೋಡ್ರಿ ನಮ್ಮವ್ವ. ಬಿಸಲಂದ್ರ ಹೆದರತಾಳ."

ನಗಲಿ ಬಿಡು. ಅವಳ ಮೈಗೆ ಮೊದಲ ಬಿಸಿಲು ತಾಗಿದ ದಿನ ನನ್ನ ಜೀವ ಎಲ್ಲಿತ್ತು ಅನ್ನುವುದು ಅವಳಿಗೇನು ಗೊತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಸಿಂದಗಿಯ ಒಂದು ಕಾಲೇಜಿನಲ್ಲಿ ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತಿದ್ದೆ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ ಬಂದವಳು ಮದುವೆಯಾದದ್ದು ಅವ್ವನ ಕಿರಿಯ ತಮ್ಮನನ್ನು. ನಮ್ಮ ಕಡೆ ಇದೇನು ದೊಡ್ಡ ಸುದ್ದಿಯಲ್ಲ, ಅಕ್ಕನ ಮಗಳ ಮೇಲೆ ಸೋದರಮಾವನದೇ ಮೊದಲ ಹಕ್ಕು. ನನ್ನ ಅಕ್ಕ ಗಂಗಾಳನ್ನು ಅವ್ವ ತನ್ನ ದೊಡ್ಡ ತಮ್ಮನಿಗೆ ಕೊಟ್ಟಿದ್ದಳು, ನನ್ನನ್ನು ಸಣ್ಣವನಿಗೆ. "ಎರಡೂ ಹೆಣ್ಣು ನನ್ನ ತವರಮನಿ ಹೊಸ್ತಲಾ ತುಳದ್ವು, ಇನ್ನ ನನಗ ಚಿಂತಿಲ್ಲ" ಅಂತ ಓಣಿಯ ತುಂಬ ಹೇಳಿಕೊಂಡು ತಿರುಗಿದ್ದಳು. ಅಜ್ಜಿಯೇ ನಮಗೆ ಅತ್ತೆ. ನನ್ನ ಗಂಡ ಬಸೂಮಾವನನ್ನು ಮದುವೆಯ ಮೊದಲೂ ಮಾವ ಅನ್ನುತ್ತಿದ್ದೆ, ಆಮೇಲೂ ಮಾವ ಅಂದೆ, ನಾಲ್ಕು ಜನರ ಮುಂದೆ ಒಂದು 'ರಿ' ಸೇರಿಸಿದೆ, ಅಷ್ಟೇ. ಅವನು ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿದ್ದ, ಶನಿವಾರ ಸಿಂದಗಿಗೆ ಬರುತ್ತಿದ್ದ.

ಅಕ್ಕ ಇದ್ದದ್ದು ಸಿಂದಗಿ ಪಕ್ಕದ ಕನ್ನೊಳ್ಳಿಯಲ್ಲಿ. ಅವಳಿಗೊಬ್ಬಳೇ ಮಗಳು, ಕಸ್ತೂರಿ. ಆಗ ಆರು ತುಂಬಿತ್ತು. ಮುಖದ ತುಂಬ ಎಳ್ಳು ಚೆಲ್ಲಿದ ಹಾಗೆ ಕರಿ ಚುಕ್ಕೆ, ಒಣಗಿದ ತೊಗಲು, ಸದಾ ಕೆಂಪು ಕಣ್ಣು. ಬಿಸಿಲಿಗೆ ಹೋದರೆ ಗುಳ್ಳೆ ಏಳುತ್ತಿತ್ತು. ಉಷ್ಣದ ಮೈ ಅಂದರು, ಯಾರದೋ ದೃಷ್ಟಿ ಅಂದರು, ನಾಗರಕಲ್ಲಿಗೆ ಹಾಲು ಎರೆದರು. ಕೂಸು ತಾನೇ ಒಂದು ದಾರಿ ಕಂಡುಕೊಂಡಿತ್ತು, ಹಗಲೆಲ್ಲ ಪಡಸಾಲೆಯ ಮೂಲೆಯಲ್ಲಿ ಇರುತ್ತಿತ್ತು. ಸಂಜೆಯಾದರೆ ಕದದ ಸಂದಿಯಲ್ಲಿ ಒಂದು ಕಣ್ಣಿಟ್ಟು ಕೇಳುತ್ತಿತ್ತು.

"ಚಿಗವ್ವಾ, ಅಂವ ಹೋದನೇನ?"

ಅಂವ ಅಂದರೆ ಸೂರ್ಯ. ಬಾಗಿಲಲ್ಲಿ ಕೂತ ವಸೂಲಿಯವನು ಎದ್ದು ಹೋದನೇ ಅಂತ ಕೇಳುವ ದನಿಯಲ್ಲೇ ಕೇಳುತ್ತಿದ್ದಳು. ನಾವು ನಗುತ್ತಿದ್ದೆವು. ಹೋದ ಅಂದ ಕೂಡಲೇ ಅಂಗಳಕ್ಕೆ ಹಾರಿ, ಕೋಳಿ ಅಟ್ಟಿಸಿಕೊಂಡು ಓಡಿ, ಊರಿನ ಮಕ್ಕಳೆಲ್ಲ ದಿನವಿಡೀ ಆಡಿದ್ದನ್ನು ಆ ಒಂದು ತಾಸಿನಲ್ಲಿ ಆಡಿ ಮುಗಿಸುತ್ತಿದ್ದಳು.

ಎಳ್ಳಮಾಸಿ ಮುಗಿದ ವಾರ. ನನ್ನ ಬಸಿರು ಆಗಲೇ ಎದ್ದು ಕಾಣುತ್ತಿತ್ತು. ತರಗತಿಯಲ್ಲಿ ಡಿಎನ್‌ಎ ಪಾಠ ನಡೆದಿತ್ತು. ನಮ್ಮ ಪಠ್ಯದಲ್ಲಿ ಅಷ್ಟೆಲ್ಲ ಇರಲಿಲ್ಲ, ಹೆಚ್ಚು ಹೇಳುವುದು ನನ್ನ ಚಟ. ಹಲಗೆಯ ಮೇಲೆ ಎರಡು ಎಳೆ ಬರೆದು ಹೇಳಿದೆ. ಬಿಸಿಲಿಗೆ ನಿಂತರೆ ಚರ್ಮದ ಕೋಶಗಳೊಳಗೆ ಈ ಎಳೆ ಕೆಡುತ್ತದೆ, ಅದರಲ್ಲಿ ಅಕ್ಷರಗಳ ಹಾಗೆ ಸಾಲಾಗಿ ಕೂತ ಕಣಗಳಲ್ಲಿ ಅಕ್ಕಪಕ್ಕದ ಎರಡು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ನನಗೂ ಆಗುತ್ತದೆ, ನಿಮಗೂ ಆಗುತ್ತದೆ, ಹೊರಗೆ ಗಂಟೆಯ ಹತ್ತಿರ ನಿಂತ ಜವಾನನಿಗೆ ಈಗ ಆಗುತ್ತಲೇ ಇದೆ. ಆದರೂ ನಾವು ನೆಟ್ಟಗಿದ್ದೇವೆ, ಯಾಕಂದರೆ ಒಳಗೆ ಕತ್ತರಿಗಳಿವೆ. ಕಬ್ಬಿಣದ್ದಲ್ಲ, ಕಿಣ್ವಗಳು. ಗಂಟು ಬಿದ್ದ ಜಾಗವನ್ನು ಒಂದು ಹುಡುಕುತ್ತದೆ, ಇನ್ನೊಂದು ಆ ಜಾಗದಲ್ಲಿ ಜೋಡಿ ಎಳೆಯನ್ನು ಬಿಡಿಸಿ ಬಾಯಿ ತೆರೆಸುತ್ತದೆ. ಆಮೇಲೆ ಗಂಟಿನ ಆಚೆಗೊಂದು ಈಚೆಗೊಂದು ಕತ್ತರಿ ಬಂದು ಕೂರುತ್ತವೆ. ಆ ಕತ್ತರಿಗಳು ಅಕ್ಷರ ಓದುವುದಿಲ್ಲ, ಆಕಾರ ನೋಡುತ್ತವೆ. ಜೋಡಿ ಎಳೆ ಎಲ್ಲಿ ಕವಲೊಡೆದು ಒಂಟಿಯಾಗಿದೆಯೋ ಅಲ್ಲಿಯೇ ಕಚ್ಚುತ್ತವೆ. ಮೂವತ್ತರ ಆಸುಪಾಸಿನ ಅಕ್ಷರಗಳ ಒಂದು ತುಂಡು ಗಂಟಿನ ಸಮೇತ ಕಳಚಿ ಬೀಳುತ್ತದೆ. ಎದುರಿನ ಎಳೆ ನೋಡಿಕೊಂಡು ಖಾಲಿ ಜಾಗವನ್ನು ತುಂಬುವ ಕೆಲಸ ಬೇರೆಯವರದು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಮೇಡಂ, ಆ ಕತ್ತರಿ ಇಲ್ಲದಂಥವ್ರು ಇರ್ತಾರೇನ್ರಿ?"

"ಇರ್ತಾರ. ಅಪರೂಪ. ಅಂಥಾ ಮಕ್ಕಳಿಗೆ ಸಣ್ಣವ್ರಿದ್ದಾಗನ ಮುಖದ ಮ್ಯಾಲ ಕರಿ ಚುಕ್ಕಿ ಏಳತಾವ. ತೊಗಲು ಒಣಗತೈತಿ. ಬೆಳಕಿಗೆ ಕಣ್ಣು..."

ಕಣ್ಣು ಅಂದವಳು ಅಲ್ಲಿಗೇ ನಿಂತೆ. ಕದದ ಸಂದಿಯ ಕೆಂಪು ಕಣ್ಣು ಎದುರಿಗೆ ಬಂದು ನಿಂತಿತ್ತು. ಮಕ್ಕಳು ನನ್ನ ಮುಖ ನೋಡುತ್ತಿದ್ದವು. ಬಸುರಿಗೆ ತಲೆ ಸುತ್ತಿತು ಅಂದುಕೊಂಡು ಯಾರೋ ಕುರ್ಚಿ ತಂದರು, ಯಾರೋ ನೀರು ತಂದರು. ನಾನು ಪರೀಕ್ಷೆಗೆ ಓದಿ ಪಾಸಾದ ರೋಗ ನಮ್ಮ ಮನೆಯ ಪಡಸಾಲೆಯಲ್ಲಿ ಆರು ವರ್ಷದಿಂದ ಆಡಿಕೊಂಡಿತ್ತು.

ಬಿಜಾಪುರಕ್ಕೆ ನಸುಕಿನ ಬಸ್ಸಿಗೆ ಹೋದೆವು, ಕಸ್ತೂರಿಗೆ ಅಕ್ಕನ ಶಾಲು ಸುತ್ತಿ, ಮೇಲೊಂದು ಛತ್ರಿ ಹಿಡಿದು. ಚರ್ಮದ ಡಾಕ್ಟರು ವಯಸ್ಸಾದವರು. ಕೂಸಿನ ಮುಖ, ಕೈ, ನಾಲಿಗೆಯ ತುದಿ ಎಲ್ಲ ನೋಡಿದರು. ಮೂಗಿನ ಪಕ್ಕದ ಒಂದು ಸಣ್ಣ ಗಂಟಿನ ಮೇಲೆ ಬೆರಳಿಟ್ಟು ಒತ್ತಿ ನೋಡಿದರು.

"ಗಂಡ ಹೆಂಡತಿ ಸಂಬಂಧದಾಗಿನವ್ರೇನ್ರಿ?"

"ಹೌದ್ರಿ. ನನ್ನ ಖಾಸ ಸೋದರಮಾವ," ಅಂದಳು ಅಕ್ಕ. ತನ್ನ ಮನೆತನವನ್ನು ಯಾರೋ ಹೊಗಳಿದರು ಅನ್ನುವ ಹಾಗೆ ತಲೆ ಎತ್ತಿದ್ದಳು.

ಡಾಕ್ಟರ ಕಣ್ಣು ನನ್ನ ಹೊಟ್ಟೆಯ ಮೇಲೆ ಬಂದು ನಿಂತಿತು. "ನಿಮ್ಮ ಯಜಮಾನ್ರು?"

"ಇಕಿ ಮೈದುನರಿ," ಅಂದೆ. "ನನಗೂ ಸೋದರಮಾವನ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಾತಿಗಿಂತ ಮೊದಲು ಆ ಕನ್ನಡಕವೇ ನನಗೆ ಎಲ್ಲ ಹೇಳಿತು. ಅಕ್ಕನಿಗೆ ಮಾತ್ರ ಬಾಯಿ ಬಿಟ್ಟು ಹೇಳಬೇಕಾಯಿತು. ಅದು ಕ್ಯಾನ್ಸರಾಗುವ ಗಂಟು, ತೆಗೆಸಬೇಕು, ಅಂಥವು ಮತ್ತೆ ಮತ್ತೆ ಏಳುತ್ತವೆ, ಒಂದಿಲ್ಲೊಂದು ದಿನ ಒಂದು ಕೈಮೀರುತ್ತದೆ, ಬಿಸಿಲು ತೋರಿಸದೆ ಇಡುವುದಷ್ಟೇ ನಮ್ಮ ಕೈಯಲ್ಲಿರುವುದು. ಹೊರಗೆ ಬಂದು ಆಸ್ಪತ್ರೆಯ ಜಗಲಿಯ ನೆರಳಿನಲ್ಲಿ ಕೂತೆವು. ಎದುರಿನ ರಸ್ತೆ ಬಿಸಿಲಿಗೆ ಬೆಳ್ಳಗಾಗಿತ್ತು.

"ಬಿಸಲ ಇಲ್ಲದ ಬದುಕೂದು ಅಂದ್ರ ಹೆಂಗ, ಶಾರೂ? ಅದೂ ನಮ್ಮ ಕಡೆ?" ಅಂದಳು ಅಕ್ಕ. ನನ್ನ ಕೈ ಹೊಟ್ಟೆಯ ಮೇಲಿತ್ತು, ಒಳಗಿದ್ದದ್ದು ಅದೇ ಹೊತ್ತಿಗೆ ಒದೆಯಿತು.

ಅವತ್ತಿನಿಂದ ನನಗೆ ಲೆಕ್ಕ ಹಾಕುವ ಹುಚ್ಚು ಹಿಡಿಯಿತು. ಈ ರೋಗ ಬರಬೇಕಾದರೆ ತಂದೆಯಿಂದ ಒಂದು ಕೆಟ್ಟ ಪ್ರತಿ, ತಾಯಿಯಿಂದ ಒಂದು ಕೆಟ್ಟ ಪ್ರತಿ ಎರಡೂ ಕೂಡಬೇಕು. ಅಕ್ಕನಲ್ಲಿ ಒಂದಿದೆ, ದೊಡ್ಡಮಾವನಲ್ಲಿ ಒಂದಿದೆ, ಅದು ಖಾತ್ರಿ. ಅದೇ ಅಕ್ಕನ ತಂಗಿ ನಾನು, ಅದೇ ಮಾವನ ತಮ್ಮ ನನ್ನ ಗಂಡ. ಇರಬಹುದು, ಇಲ್ಲದಿರಬಹುದು. ಆಗ ನಮ್ಮ ಜಿಲ್ಲೆಯಲ್ಲಿ ಇದನ್ನು ನೋಡಿ ಹೇಳುವ ಪರೀಕ್ಷೆ ಯಾರಿಗೂ ಗೊತ್ತಿರಲಿಲ್ಲ. ಕಸ್ತೂರಿಯಲ್ಲಿ ಕೈಕೊಟ್ಟದ್ದು ಕತ್ತರಿಯೋ, ಎಳೆ ಬಿಡಿಸುವುದೋ, ಗಂಟು ಹುಡುಕುವುದೋ, ಅದನ್ನೂ ಯಾರೂ ನೋಡಲಿಲ್ಲ. ಯಾವುದು ಕೈಕೊಟ್ಟರೂ ಕೊನೆಗೆ ಆಗುವುದು ಒಂದೇ, ಕತ್ತರಿಸಿ ತೆಗೆಯಬೇಕಾದದ್ದು ಅಲ್ಲೇ ಉಳಿಯುತ್ತದೆ. ಬಸೂಮಾವನಿಗೆ ಎಲ್ಲ ಹೇಳಿದೆ. ಅವನು ತನ್ನ ಅಂಗೈ ನೋಡಿಕೊಂಡ. "ಹುಟ್ಟಿದ ಮ್ಯಾಲ ಹೆಂಗ ಗೊತ್ತಾಗತೈತಿ?" ಅಂದ.

"ಬಿಸಿಲಿಗೆ ಇಟ್ಟರ ಗೊತ್ತಾಗತೈತಿ," ಅಂದೆ.

ಆಮೇಲಿನ ವರ್ಷಗಳಲ್ಲಿ ಆ ಕತ್ತರಿಗಳ ಬಗ್ಗೆ ಸಿಕ್ಕದ್ದನ್ನೆಲ್ಲ ಓದಿದ್ದೇನೆ, ವೈರಿಯ ಮನೆಯ ಸುದ್ದಿ ಕೇಳುವ ಹಾಗೆ. ಒಂದು ಕತ್ತರಿಯ ಮೈಯಲ್ಲಿ ಕಮಾನಿನಂಥ ಸಂದು ಇದೆಯಂತೆ, ಅದರ ತಳದಲ್ಲಿ ಮೆಗ್ನೀಸಿಯಂ ಲೋಹದ ಕಣಗಳು ಕೂತಿರುತ್ತವೆ, ಅವಿಲ್ಲದಿದ್ದರೆ ಅದು ಕಚ್ಚುವುದಿಲ್ಲ. ಇನ್ನೊಂದು ಕತ್ತರಿ ಒಂದಲ್ಲ, ಜೋಡಿ. ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಅಲಗು, ಇನ್ನೊಬ್ಬ ಹಿಡಿದು ನಿಲ್ಲಿಸುವವನು. ಆ ಜೊತೆಗಾರ ಇಲ್ಲದಿದ್ದರೆ ಅಲಗಿನವನೂ ಬಹಳ ದಿನ ಉಳಿಯುವುದಿಲ್ಲ. ಮೊದಲು ಈ ಜೋಡಿ ಕತ್ತರಿಸುತ್ತದೆ, ತುಂಬುವ ಕೆಲಸ ಶುರುವಾಗುತ್ತದೆ, ಆಮೇಲೆಯೇ ಕಮಾನಿನದು ತನ್ನ ಬದಿ ಕತ್ತರಿಸುತ್ತದೆ. ಕತ್ತರಿಸದಿದ್ದರೂ ಆಪತ್ತು, ಹೊತ್ತಲ್ಲದ ಹೊತ್ತಿನಲ್ಲಿ ಕತ್ತರಿಸಿದರೂ ಆಪತ್ತು. ಇಷ್ಟು ಸೂಕ್ಷ್ಮದ ಕೆಲಸ ನಮ್ಮೆಲ್ಲರ ತೊಗಲಿನೊಳಗೆ ಪ್ರತಿ ಹಗಲೂ ನಡೆಯುತ್ತದೆ, ನಾವು ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುತ್ತಿರುತ್ತೇವೆ.

ಯುಗಾದಿ ಮುಗಿದ ಮೇಲೆ ತಾಳಿಕೋಟೆಯ ಮೇಲೆ ಬಸ್ಸು ಹಿಡಿದು ಮುದ್ದೇಬಿಹಾಳಕ್ಕೆ ಬಂದೆ. ಆ ವರ್ಷದ ಬಿಸಿಲೋ, ಕೇಳಬೇಡಿ. ಬಸ್ಸಿನ ಕಿಟಕಿಯ ಸರಳು ಮುಟ್ಟಿದರೆ ಬೊಬ್ಬೆ. ಅವ್ವ ಹಳೆಯ ಸೀರೆಗಳನ್ನು ಒಟ್ಟಿಕೊಂಡು ಕೂಸಿಗೆ ಕೌದಿ ಹೊಲಿಯುತ್ತಿದ್ದಳು. ಅಕ್ಕ ಯುಗಾದಿಗೂ ಬಂದಿರಲಿಲ್ಲ, ಯಾಕೆ ಅಂತ ಅವ್ವನಿಗೆ ತಿಳಿದಿರಲಿಲ್ಲ.

"ಆ ಹುಡಗಿಗೆ ಏನ ಕಡಿಮಿ ಆಗೈತಿ ಅದನ್ನರ ನನಗ ತಿಳಿಯೂ ಹಂಗ ಹೇಳು," ಅಂದಳು ಒಂದು ಮಧ್ಯಾಹ್ನ.

ಅವಳ ತೊಡೆಯ ಮೇಲಿದ್ದ ಸೀರೆಯಲ್ಲಿ ಕಿಡಿ ಬಿದ್ದು ಸುಟ್ಟ ಒಂದು ಜಾಗವಿತ್ತು. ಅದನ್ನೇ ತೋರಿಸಿ ಹೇಳಿದೆ. ಬಿಸಿಲಿಗೆ ಮೈಯೊಳಗೆ ಹೀಗೆ ಸುಡುತ್ತದೆ. ನಿನ್ನಲ್ಲಿ ನನ್ನಲ್ಲಿ ಸುಟ್ಟದ್ದನ್ನು ಕತ್ತರಿಸಿ ತೆಗೆದು ತೇಪೆ ಹಚ್ಚುವವರು ಒಳಗೇ ಇದ್ದಾರೆ. ಕಸ್ತೂರಿಯಲ್ಲಿ ಇಲ್ಲ. ಒಂದರ ಮೇಲೊಂದು ಸುಟ್ಟುಕೊಂಡು ಹೋಗುತ್ತದೆ.

ಅವ್ವನ ಕೈಯ ಸೂಜಿ ನಿಂತಿತು. "ಹಂಗಾರ," ಅಂದಳು, "ಗಂಗಾನ ಬಾಣಂತನದಾಗ ಕೂಸಿನ ಮೈ ಕೆಂಪಾತು ಅಂತ ನಾನ ದಿನಾ ಇನ್ನಷ್ಟ ಹೊತ್ತು ಬಿಸಲಿಗೆ ಹಿಡಿದೆನಲ್ಲ. ಎಳಿಬಿಸಲ ಬಿದ್ರ ತೊಗಲು ಗಟ್ಟಿ ಆಗತೈತಿ ಅಂತ. ಗಂಗಾ ಸಾಕವ್ವ ಅಂದ್ರೂ ಕೇಳಲಿಲ್ಲ."

ಅವ್ವ ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅಕ್ಕ ಈ ಮನೆಯ ಹೊಸ್ತಿಲು ತುಳಿಯದೆ ಇದ್ದದ್ದಕ್ಕೆ ಕಾರಣ ಅದೇ, ಆ ಮುಂಜಾನೆಗಳು.

ವೈಶಾಖದ ನಡುವೆ ರೂಪಾ ಹುಟ್ಟಿದಳು. ಗುಂಡಗಿನ ತಲೆ, ಬಾಯಿ ತುಂಬ ಅಳು. ಎಲ್ಲರೂ ಹೆಣ್ಣೋ ಗಂಡೋ ಕೇಳಿದರು, ನಾನು ತೊಗಲು ನೋಡಿದೆ. ಹುಟ್ಟಿದ ಕೂಸಿನ ತೊಗಲು ಏನನ್ನೂ ಹೇಳುವುದಿಲ್ಲ. ಮನೆಗೆ ಬಂದ ದಿನ ಅವ್ವ ತನ್ನ ಕೌದಿಯ ಕತ್ತರಿಯನ್ನು ಕೂಸಿನ ತಲೆದಿಂಬಿನ ಕೆಳಗಿಟ್ಟಳು. ಗಾಳಿ, ಸೋಂಕು, ಕೆಟ್ಟ ಕಣ್ಣು ಸುಳಿಯದಿರಲಿ ಅಂತ ಬಾಣಂತಿಯ ಕೋಣೆಯಲ್ಲಿ ಒಂದು ಕಬ್ಬಿಣ ಇರಲೇಬೇಕು ನಮ್ಮಲ್ಲಿ. ಬೇರೆ ಹೊತ್ತಾಗಿದ್ದರೆ ಅವ್ವನಿಗೆ ಚೆನ್ನಾಗಿ ಅಂದುಬಿಡುತ್ತಿದ್ದೆ. ಅವತ್ತು ದಿಂಬನ್ನು ನಾನೇ ಎತ್ತಿ ಹಿಡಿದೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಣಂತಿಯ ಕೋಣೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಮಾತ್ರ. ಅದರಿಂದ ಇಳಿದ ಬಿಸಿಲು ರೊಟ್ಟಿಯಷ್ಟಗಲ ನೆಲದ ಮೇಲೆ ಬಿದ್ದು, ಹಗಲು ಏರಿದ ಹಾಗೆ ನಾವು ಮಲಗುವ ಹೊರಸಿನ ಕಡೆ ತೆವಳಿಕೊಂಡು ಬರುತ್ತಿತ್ತು. ನಾನು ಹಾವು ಕಂಡವಳ ಹಾಗೆ ಅದನ್ನೇ ನೋಡುತ್ತ ಕೂರುತ್ತಿದ್ದೆ. ಹೊರಸನ್ನು ಈ ಗೋಡೆಗೆ ಎಳೆಸಿದೆ, ಆ ಗೋಡೆಗೆ ಎಳೆಸಿದೆ. ಮರುದಿನ ಬಸೂಮಾವನನ್ನು ಮಾಳಿಗೆ ಹತ್ತಿಸಿ ಬೆಳಕಿಂಡಿಗೆ ಗೋಣಿಚೀಲ ತುರುಕಿಸಿಯೇ ಬಿಟ್ಟೆ. ಕೋಣೆ ಕತ್ತಲಾಯಿತು. ಲೋಬಾನದ ಹೊಗೆ ಹೊರಗೆ ಹೋಗದೆ ನಮ್ಮ ಕಣ್ಣಲ್ಲೇ ನಿಂತಿತು. ಎರೆಯುವುದೂ ಒಳಗೇ ಆಯಿತು, ಬುಡ್ಡಿದೀಪದ ಬೆಳಕಿನಲ್ಲಿ.

ಆ ಕತ್ತಲೆಯೇ ಕೂಸಿಗೆ ಮುಳುವಾಗುತ್ತಿತ್ತು. ಕೂಸು ಹಾಲು ಕುಡಿಯಲು ಬೇಸರ ಮಾಡಿತು, ಬರೀ ನಿದ್ದೆ. ಬುಡ್ಡಿಯ ಬೆಳಕಿನಲ್ಲಿ ಎಲ್ಲವೂ ಹಳದಿಯೇ, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಊರಿನ ಮಕ್ಕಳ ಡಾಕ್ಟರನ್ನು ಬಸೂಮಾವ ಮನೆಗೇ ಕರೆದುಕೊಂಡು ಬಂದ. ಅವರು ಕೂಸನ್ನು ಎತ್ತಿ ಬಾಗಿಲ ಹತ್ತಿರ ಒಯ್ದು ಎದೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಒತ್ತಿದ ಜಾಗ ಅರಿಸಿನದ ಬಣ್ಣಕ್ಕಿತ್ತು. ಹೊಟ್ಟೆಯ ಮೇಲೂ ಅದೇ ಬಣ್ಣ.

"ಕಾಮಣಿ ಆಗೈತ್ರಿ. ಇನ್ನೂ ಹೊಟ್ಟಿತನಕ ಅಷ್ಟ ಐತಿ. ಇಷ್ಟು ಕತ್ತಲದಾಗ ಯಾರರ ಕೂಸು ಇಡ್ತಾರೇನ್ರಿ? ಎದಿಹಾಲು ಬಿಡದ ಕುಡಿಸ್ರಿ, ನಾಳಿಂದ ಮುಂಜಾನಿ ಬಿಸಲಿಗೆ ಹಿಡೀರಿ. ಅಂಗಾಲಿಗೆ ಇಳೀತು ಅಂದ್ರ ಬಿಜಾಪುರಕ್ಕ ಒಯ್ಯೂದ. ಅಲ್ಲಿ ನೀಲಿ ಬೆಳಕಿನ ಯಂತ್ರ ಐತಿ. ತಲಿಗೆ ಏರಿದ್ರ ಕೂಸು ಉಳಿಯೂದು ಕಷ್ಟ."

ಆಗ ಎಲ್ಲ ಡಾಕ್ಟರೂ ಬಿಸಿಲನ್ನೇ ಹೇಳುತ್ತಿದ್ದರು. ನಾನು ಕಸ್ತೂರಿಯ ಕಥೆ ಹೇಳಿದೆ, ನೀಲಿ ಬೆಳಕಾದರೂ ತಾಗದಲ್ಲವೇ ಅಂತ ಕೇಳಿದೆ. ಅವರಿಗೆ ಅಂಥ ಕೂಸನ್ನು ನೋಡಿ ಗೊತ್ತಿರಲಿಲ್ಲ. ಪ್ರಾಮಾಣಿಕ ಮನುಷ್ಯ, ಖಾತ್ರಿ ಕೊಡಲಾರೆ ಅಂದುಬಿಟ್ಟರು. ಬಿಸಿಲಿಗೆ ಇಟ್ಟರೆ ಕೂಸು ಸುಡಬಹುದು, ಇಡದಿದ್ದರೆ ಕಾಮಣಿ ತಲೆಗೇರಬಹುದು. ಅವರು ಹೋದ ಮೇಲೆ ಅವ್ವ ಬಾಗಿಲಲ್ಲಿ ನಿಂತಳು. ಬಿಸಿಲು ಅನ್ನುವ ಶಬ್ದ ಅವಳ ಬಾಯಿಗೆ ಬರಲೇ ಇಲ್ಲ. ನಾನು ಕೂಸನ್ನು ಎದೆಗೆ ಒತ್ತಿಕೊಂಡು ಕತ್ತಲೆಯಲ್ಲಿ ಕೂತೆ. ಓದಿದ ಬುದ್ಧಿ ಎಲ್ಲ ಎಲ್ಲಿಗೋ ಹೋಗಿತ್ತು. ದೇವರೇ, ಇವಳ ಒಳಗೆ ಆ ಕತ್ತರಿ ಇಟ್ಟು ಕಳಿಸಿರು ಅನ್ನುವುದಷ್ಟೇ ಬಾಯಲ್ಲಿತ್ತು.

ಬಸೂಮಾವ ಯಾರಿಗೂ ಹೇಳದೆ ಕನ್ನೊಳ್ಳಿಗೆ ಹೋಗಿದ್ದ. ದೀಪ ಹಚ್ಚುವ ಹೊತ್ತಿಗೆ ಅವನ ಹಿಂದೆ ಅಕ್ಕ ಒಳಗೆ ಬಂದಳು. ಅವ್ವ ನೀರಿನ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಅಕ್ಕ ಅವಳನ್ನು ದಾಟಿಕೊಂಡು ಸೀದಾ ನನ್ನ ಕೋಣೆಗೆ ಬಂದು ಕೂಸನ್ನು ಎತ್ತಿಕೊಂಡಳು.

"ಕಸ್ತೂರಿ?" ಅಂದೆ.

"ಅಜ್ಜಿ ಕಡೆ ಬಿಟ್ಟ ಬಂದೇನಿ. ತಂಗಿನ್ನ ನೋಡಾಕ ನಾನೂ ಬರ್ತೇನಿ ಅಂತ ಅತ್ಲು." ಕೂಸಿನ ಕಾಲು ನೇವರಿಸುತ್ತ ಅಕ್ಕ ಹೇಳಿದಳು. "ನಾಳಿ ಮುಂಜಾನಿ ನಾ ಹಿಡೀತೇನಿ ಬಿಸಲಿಗೆ. ನೀ ಬ್ಯಾಡ."

"ಸುಟ್ಟರ ಏನ ಮಾಡೂದ, ಅಕ್ಕಾ?"

"ಸುಟ್ಟರ ಅಳತೈತಿ. ಆ ಅಳು ನನಗ ಗೊತ್ತೈತಿ. ಕಸ್ತೂರಿ ದಿನಾ ಸಂಜಿಗೆ ಸಣ್ಣ ದನಿಯಾಗ, ಎಳಕೊಂಡ ಎಳಕೊಂಡ ಅಳತಿತ್ತು. ಹಸಿವಿಂದಲ್ಲ, ಹೊಟ್ಟಿನೋವಿಂದಲ್ಲ. ಅವ್ವ ದೃಷ್ಟಿ ತಗದ್ಲು. ನಾ ಮಲಿ ಕೊಟ್ಟೆ. ಮೈ ಉರೀತಂತ ಅಳತೈತಿ ಅಂತ ನನಗ ತಿಳೀಲೇ ಇಲ್ಲ. ಈಗ ನಿದ್ದಿಯಾಗ ಕೇಳಿದ್ರೂ ಗುರ್ತ ಹಿಡೀತೇನಿ. ಅದನ್ನ ಕೇಳಾಕನ ಬಂದೇನಿ."

"ಹಂಗ ಅತ್ರ?"

ಅಕ್ಕ ನನ್ನ ಮುಖ ನೋಡಿದಳು. "ಅತ್ರ, ಇಬ್ಬರೂ ಕೂಡಿ ಕತ್ತಲದಾಗ ಕೂಡೂಣು."

ಮುಂಜಾನೆ ಅವಳು ಅಂಗಳದಲ್ಲಿ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು. ಎದುರು ಮನೆಯ ಮಾಳಿಗೆಯ ಅಂಚಿನಿಂದ ಬಿಸಿಲು ಆಗಷ್ಟೇ ಇಳಿಯುತ್ತಿತ್ತು. ಕೂಸಿನ ತಲೆಯಿಂದ ಹೊಟ್ಟೆಯವರೆಗೆ ಬಿಳಿ ಧೋತ್ರ ಮುಚ್ಚಿ, ಎಣ್ಣೆ ಹಚ್ಚಿದ ಎರಡು ಕಾಲನ್ನು ಮಾತ್ರ ಬಿಟ್ಟಳು. "ಮೊದಲ ಕಾಲಷ್ಟ ನೋಡೂಣು," ಅಂದಳು. ನಾನು ಹೊಸ್ತಿಲ ಒಳಗೆ ನಿಂತಿದ್ದೆ. ಕೈಯಲ್ಲಿ ಏನೋ ಒತ್ತಿದ ಹಾಗಾಗಿ ನೋಡಿಕೊಂಡರೆ, ದಿಂಬಿನ ಕೆಳಗಿನ ಕತ್ತರಿ. ಯಾವಾಗ ತೆಗೆದುಕೊಂಡೆನೋ ಗೊತ್ತಿಲ್ಲ. ಬಿಸಿಲು ಬಂದು ಆ ಸಣ್ಣ ಕಾಲಿನ ಮೇಲೆ ಕೂತಿತು. ಆಗಲೇ ನನಗೆ ಆ ವಾಸನೆ ಬಡಿದದ್ದು. ಕೂಸು ಬೆರಳು ಅಗಲಿಸಿ ಮಡಚಿತು, ಅಳಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಆ ಸುಡುವಿಕೆ ಆಗಿಂದಾಗ ಕಾಣುವುದಿಲ್ಲ, ಎರಡು ಮೂರು ದಿನ ಬಿಟ್ಟು ಉಕ್ಕುತ್ತದೆ ಅಂತ ಓದಿದ್ದೆ. ಓದಿದ್ದೇ ತಪ್ಪಾಯಿತು. ಹಾಲು ಕುಡಿಸುವಾಗಲೆಲ್ಲ ಕಾಲು ನೋಡುವುದು, ಅಂಗಾಲಿಗೆ ಹಳದಿ ಇಳಿಯಿತೇ ಅಂತ ಮತ್ತೆ ನೋಡುವುದು. ಮರುದಿನ ಹೊಟ್ಟೆಗೂ ಸ್ವಲ್ಪ ಬಿಸಿಲು ತೋರಿಸಿದೆವು. ಆ ಮಧ್ಯಾಹ್ನ ಕೂಸಿನ ತೊಡೆಯ ಮೇಲೆ ಎರಡು ಕೆಂಪು ಮಚ್ಚೆ ಕಂಡವು. ಅಕ್ಕಾ ಅಂತ ಚೀರಿದೆ. ಅಕ್ಕ ಓಡಿ ಬಂದು ಕೂಸನ್ನು ಬಾಗಿಲಿಗೆ ಒಯ್ದು ನೋಡಿದಳು, ಬೆರಳಿನಿಂದ ಒತ್ತಿದಳು, ಬಗ್ಗಿ ಮೂಸಿದಳು. ಆಮೇಲೆ ಹೊರಸಿನ ಹಗ್ಗವನ್ನು ಕೊಡವಿದಳು.

"ತಿಗಣಿ ಕಡದಾವ ನೋಡು ಹುಚ್ಚಿ! ಎಂ.ಎಸ್ಸಿ. ಮಾಡ್ಯಾಳಂತ, ಹೊರಸಿಗೆ ಒಂದ ಚರಗಿ ಬಿಸಿನೀರ ಹಾಕಾಕ ಬರೂದಿಲ್ಲ!"

ನಕ್ಕೆವು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಕಣ್ಣಲ್ಲಿ ನೀರು ಬಂತು, ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಬಾಗಿಲ ಹೊರಗೆ ಅವ್ವನೂ ಅಳುತ್ತಿದ್ದಳು.

ಮೂರನೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂಸು ಅತ್ತಿತು. ಸಣ್ಣ ದನಿ, ಎಳೆದು ಎಳೆದು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಬಸೂಮಾವ ಜಗಲಿಯಿಂದ ಎದ್ದು ಬಂದು ಕದ ಹಿಡಿದು ನಿಂತ. ನಾನು ಕೂಸಿನ ಕಡೆ ನೋಡಲಿಲ್ಲ, ಅಕ್ಕನ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿ ಕೂಸಿನ ಬಾಯಿಯ ಹತ್ತಿರ ಕಿವಿ ಇಟ್ಟು ಕೂತಿದ್ದಳು. ಆ ಹೊತ್ತು ನನ್ನ ಆಯುಷ್ಯದಲ್ಲೇ ಉದ್ದದ್ದು. ಆಮೇಲೆ ಅವಳು ಕಣ್ಣು ತೆರೆದಳು.

"ಹಸದೈತಿ," ಅಂದಳು. "ಮಲಿ ಕೊಡು."

ಕೂಸು ಬಾಯಿ ಹಚ್ಚಿ ಗಟಗಟ ಕುಡಿಯಿತು. ಅಕ್ಕ ಎದ್ದು ಹಿತ್ತಲಿಗೆ ಹೋದಳು. ನನಗೆ ಬಂದ ಸಂತೋಷ ಎಷ್ಟಿತ್ತೆಂದರೆ, ಅವಳು ಯಾಕೆ ಹೋದಳು ಅನ್ನುವುದು ಕೂಸು ಮೊಲೆ ಬಿಡುವವರೆಗೂ ನನ್ನ ತಲೆಗೆ ಹೊಳೆಯಲಿಲ್ಲ. ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಅವ್ವ ಪಕ್ಕದಲ್ಲಿ ನಿಂತು, ತಂಬಿಗೆಯ ನೀರಿನಿಂದ ಅವಳ ಮುಖ ತೊಳೆಯುತ್ತಿದ್ದಳು, ಸಣ್ಣ ಹುಡುಗಿಗೆ ತೊಳೆದ ಹಾಗೆ. ಅಕ್ಕ ತೊಳೆಸಿಕೊಂಡಳು. ನಾನು ಅಲ್ಲಿ ನಿಲ್ಲದೆ ಒಳಗೆ ಬಂದೆ.

ಹಳದಿ ಇಳಿಯಿತು. ಬೆಳಕಿಂಡಿಯ ಗೋಣಿಚೀಲವನ್ನು ಬಸೂಮಾವ ಕಿತ್ತು ಎಸೆದ. ಅಕ್ಕ ಹೊರಡುವ ದಿನ ಅವ್ವ ಉಡಿ ತುಂಬಿ, ಅಂಟಿನುಂಡಿಯ ಡಬ್ಬಿ ಕಟ್ಟಿಕೊಟ್ಟಳು. ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡವಳು ಮತ್ತೆ ಕೋಣೆಗೆ ಬಂದಳು.

"ಶಾರೂ, ಒಂದ ಕೇಳಲೇನ? ನಗಬಾರದ ಮತ್ತ."

"ಕೇಳ ಅಕ್ಕಾ."

"ಆ ಕತ್ತರಿ ಕೊಡ್ತೀ ಏನ? ನಿನ್ನ ಕೂಸಿಗೆ ಒಳಗ ಐತಿ. ನನ್ನದಕ್ಕ ದಿಂಬಿನ ಕೆಳಗರ ಇರ್ಲಿ."

ಕೊಟ್ಟೆ. ನಾನೇ ಅದನ್ನು ಅರಿವೆಯಲ್ಲಿ ಸುತ್ತಿ ಅವಳ ಚೀಲದಲ್ಲಿಟ್ಟೆ.

ಕಸ್ತೂರಿ ಇನ್ನೂ ಹಲವು ವರ್ಷ ಇದ್ದಳು. ಕಿಟಕಿಗೆ ಕರಿ ಬಟ್ಟೆ ಕಟ್ಟಿದ ಮನೆಯಲ್ಲಿ ಓದಿದಳು, ಸಂಜೆ ರೂಪಾಳನ್ನು ಬೆನ್ನ ಮೇಲೆ ಹೊತ್ತು ಅಂಗಳ ಸುತ್ತಿದಳು. ಮುಖದ ಮೇಲಿನ ಗಂಟುಗಳನ್ನು ತೆಗೆಸುತ್ತ ತೆಗೆಸುತ್ತ, ಮೂಗಿನ ಒಂದು ಬದಿ ಹೋಯಿತು, ಒಂದು ಕಣ್ಣು ಹೋಯಿತು. ಹತ್ತನೆಯ ಪರೀಕ್ಷೆಗೆ ಓದುತ್ತಿದ್ದ ವರ್ಷ ಅವಳೂ ಹೋದಳು. ಅಕ್ಕನ ಮನೆಗೆ ಹೋದಾಗಲೆಲ್ಲ ಆ ಹಾಸಿಗೆಯ ದಿಂಬು ಅಲ್ಲೇ ಇರುತ್ತಿತ್ತು. ನಾನು ಎತ್ತಿ ನೋಡುತ್ತಿರಲಿಲ್ಲ.

ರೂಪಾಳನ್ನು ಸಂಬಂಧದ ಹೊರಗೆ ಕೊಟ್ಟಿದ್ದೇವೆ, ಅವಳ ಕೂಸಿಗೆ ಆ ಭಯವಿಲ್ಲ ಅಂತ ನನ್ನ ಲೆಕ್ಕ ಹೇಳುತ್ತದೆ. ನಿನ್ನೆ ಅಕ್ಕ ಬಂದಳು, ಆ ಕೂಸನ್ನು ನೋಡಲು. ಕೂದಲು ಪೂರ್ತಿ ಬೆಳ್ಳಗಾಗಿದೆ, ನಡೆ ನಿಧಾನವಾಗಿದೆ. ಕೈಕಾಲು ತೊಳೆದು ಒಳಗೆ ಹೋಗಿ ಚೀಲದಿಂದ ಆ ಹಳೆಯ ಕತ್ತರಿ ತೆಗೆದು ಕೂಸಿನ ದಿಂಬಿನ ಕೆಳಗೆ ಸರಿಸಿದಳು. ಇವತ್ತು ಮುಂಜಾನೆ ಎರೆಯುವ ಹೆಂಗಸಿಗೆ ಸುಮ್ಮನಿರು ಅಂತ ಹೇಳಿ ತಾನೇ ಎಣ್ಣೆ ಹಚ್ಚಿ ಅಂಗಳದಲ್ಲಿ ಕಾಲು ಚಾಚಿ ಕೂತಳು. ನಾನು ಅಡುಗೆಮನೆಗೆ ಹೋಗಲಿಲ್ಲ, ಹೊಸ್ತಿಲಲ್ಲಿ ನಿಂತೆ. ಬಿಸಿಲು ಕೂಸಿನ ಕಾಲು ದಾಟಿತು, ಹೊಟ್ಟೆ ದಾಟಿತು, ಮುಖದ ಕಡೆ ಬಂತು. ಸಾಕು ಅನ್ನಿಸಿ ಎತ್ತಿಕೊಳ್ಳಲು ಕೈ ಚಾಚಿದೆ. ಅಕ್ಕ ನನ್ನ ಕೈ ತಡೆದಳು.

"ಇರ್ಲಿ ಬಿಡು," ಅಂದಳು. "ಇನ್ನೊಂದ ಸ್ವಲ್ಪ ಹೊತ್ತು ಬಿಸಲಾಗ ಇರ್ಲಿ."